ಮೂರನೇ ಡಬ್ಬಿಯ ಪುಡಿ

ಅರಸೀಕೆರೆಯಲ್ಲಿ ನಮ್ಮ ಬಾವಿಯ ನೀರು ಗಡಸು. ಸೋಪು ತಿಕ್ಕಿ ತಿಕ್ಕಿ ಕೈ ಸೋತರೂ ನೊರೆ ಬಾರದು. ಅದೇ ನೀರಿನಲ್ಲಿ ಗೋಡೆಗೆ ಬಳಿಯುವ ಡಿಸ್ಟೆಂಪರ್ ಮಾಡಿ ಮಾರುತ್ತೇನೆಂದು ಹೊರಟವರು ನಮ್ಮ ಮಾವ. ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಬಿ.ಎಸ್ಸಿ. ಓದಿದವಳೆಂದು ಹುಡುಕಿಕೊಂಡು ಬಂದು ಮಗನಿಗೆ ತಂದುಕೊಂಡಿದ್ದರು. "ಸೊಸೇನೂ ಆಯ್ತು, ಕೆಮಿಸ್ಟೂ ಆಯ್ತು" ಎಂದು ಬಂದವರೆದುರು ಹೇಳಿಕೊಂಡು ನಗುತ್ತಿದ್ದರು. ಪೆದ್ದಿಯ ಹಾಗೆ ನಾನೂ ನಗುತ್ತಿದ್ದೆ.

ಮನೆಯ ಹಿಂದಿನ ತಗಡಿನ ಶೆಡ್ಡೇ ಕಾರ್ಖಾನೆ. ಡ್ರಮ್ಮುಗಳಲ್ಲಿ ಬರುತ್ತಿದ್ದ ಎಮಲ್ಷನ್ ನೋಡಲು ಥೇಟ್ ಹಾಲು. ಬಣ್ಣವನ್ನು ಗೋಡೆಗೆ ಹಿಡಿದಿಡುವುದು ಅದೇ. ನಮ್ಮ ನೀರಿಗೆ ಬಿದ್ದರೆ ಹಾಲು ಒಡೆದಂತೆ ಒಡೆದು ಗರಣೆ ಕಟ್ಟುತ್ತಿತ್ತು. ನಾನು ಬರುವ ಮುಂಚೆ ಎಷ್ಟೋ ಬಣ್ಣ ಮೋರಿ ಸೇರಿತ್ತಂತೆ. ತಿಂಗಳುಗಟ್ಟಲೆ ಒದ್ದಾಡಿ ಕಂಡುಕೊಂಡೆ: ನೀರಿನ ಗಡಸು ಕಳೆಯುವ ಒಂದು ಬಿಳಿ ಪುಡಿಯನ್ನು ಎಲ್ಲಕ್ಕಿಂತ ಮೊದಲು ಬರೀ ನೀರಿನಲ್ಲಿ ಕರಗಿಸಬೇಕು. ಆಮೇಲೆ ಸೀಮೆಸುಣ್ಣದ ಪುಡಿ, ಬಣ್ಣ. ಎಮಲ್ಷನ್ ಕೊನೆಗೆ, ನಿಧಾನವಾಗಿ.

ಗುಟ್ಟು ಹೊರಗೆ ಹೋಗಬಾರದೆಂದು ಮಾವ ಡಬ್ಬಿಗಳ ಮೇಲಿನ ಚೀಟಿಗಳನ್ನೆಲ್ಲ ಕೀಳಿಸಿ ಅಂಕಿ ಬರೆಸಿದರು. ಬರೆದವಳು ನಾನು. ಕೆಲಸದವರ ದಾರಿ ತಪ್ಪಿಸಲು ಮೊದಲು ಹಾಕುವ ಪುಡಿಗೆ ಬೇಕೆಂದೇ ಮೂರು ಎಂದು ಬರೆದೆ. ಕೆಲಸದವರೇನು, ಮನೆಯವರ ದಾರಿಯೂ ತಪ್ಪಿತು. ಗೆಂಡೆಹಳ್ಳಿಯ ತವರಿಗೆ ಹೋದರೆ ಮೂರನೆಯ ದಿನಕ್ಕೇ ನಮ್ಮವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು.

"ಬಣ್ಣ ಒಡೀತು ಕಣೇ, ಹೊರಡು."

ಅಮ್ಮ ಕಲಸಿಟ್ಟ ಹಿಟ್ಟು ಹಾಗೇ ಇರುತ್ತಿತ್ತು, ನಾನು ಬಸ್ಸಿನಲ್ಲಿರುತ್ತಿದ್ದೆ. ಆ ಶೆಡ್ಡು ಕಂಡರೆ ಮೈ ಉರಿಯುತ್ತಿತ್ತು.

ಹಾಗಿರುವಾಗ ಹಾಸನದಲ್ಲಿ ಬಿ.ಎಡ್. ಸೀಟು ಸಿಕ್ಕಿತೆಂದು ಕಾಗದ ಬಂತು. ಟೀಚರಾಗಬೇಕೆನ್ನುವುದು ನನ್ನ ಮದುವೆಗೂ ಹಿಂದಿನ ಆಸೆ. ಸೇರಲು ಇನ್ನು ಹದಿನೈದು ದಿನ. ಮಾವ ಬೇಡವೆನ್ನಲಿಲ್ಲ.

"ಹೋಗ್ಬೇಡ ಅಂದೋರ್ಯಾರಮ್ಮ? ಬೇಲೂರಿನ ಲಾಡ್ಜ್‌ನೋರು ಇಡೀ ಕಟ್ಟಡಕ್ಕೆ ಬಣ್ಣ ಕೇಳವ್ರೆ. ನೀನು ಹೋದ್ರೆ ಕಲಸೋರ್ಯಾರು ಹೇಳು?"

ಅಷ್ಟೇ ತಾನೆ ಅಡ್ಡಿ ಎಂದುಕೊಂಡೆ. ಮರುದಿನದಿಂದಲೇ ನಮ್ಮವರನ್ನು ಕೂರಿಸಿಕೊಂಡು ಕಲಿಸಿದೆ. ಅಂಕಿಗಳನ್ನು ಅಳಿಸಿ ಹೆಸರು ಬರೆದೆ, ಕ್ರಮವನ್ನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಟ್ಟೆ. ಅವರು ಬೇಗ ಕಲಿತರು. ಹತ್ತನೆಯ ದಿನ ಒಬ್ಬರೇ ಒಂದು ಡ್ರಮ್ಮು ಕಲಸಿದರು; ನಾನು ಬಾಗಿಲ ಹೊರಗೆ ನಿಂತಿದ್ದೆ. ನಿಜ ಹೇಳುತ್ತೇನೆ, ಒಡೆದು ಹಾಳಾಗಲಿ ಎಂದೂ ಒಂದು ಕ್ಷಣ ಅನ್ನಿಸಿತ್ತು. ಬಣ್ಣ ಬೆಣ್ಣೆಯಂತೆ ಬಂತು. ಹಳೇಬೀಡಿನ ಮೇಲೆ ಬೇಲೂರಿಗೆ ಹೋದ ಲಾರಿ ಖಾಲಿ ವಾಪಸಾಯಿತು. ಲಾಡ್ಜಿನವರು ಮತ್ತೂ ಬೇಕೆಂದಿದ್ದರು.

ಆ ಸಂಜೆ ಟ್ರಂಕಿಗೆ ಸೀರೆ ಜೋಡಿಸುತ್ತಿದ್ದೆ. ಮಾವ ಬಂದು ಬಾಗಿಲಲ್ಲಿ ನಿಂತರು.

"ಇನ್ನು ನಿಂಗೆ ಶೆಡ್ಡಿನ ಕಾಟ ಇಲ್ವಲ್ಲಮ್ಮ. ನಿಮ್ಮತ್ತೆಗೂ ಮಂಡಿನೋವು. ಆರಾಮಾಗಿ ಮನೆ ನೋಡ್ಕೊಂಡಿರು."

"ಮಾವ, ಕಲಸೋರು ಬೇಕು ಅಂತ ತಾನೆ ನೀವಂದಿದ್ದು?"

"ಈಗ ಅವನೇ ಕಲಸ್ತಾನಲ್ಲ" ಎಂದರು, ಸಲೀಸಾಗಿ.

ಅಲ್ಲೇ ಮಂಚದ ಮೇಲೆ ಕೂತಿದ್ದ ನಮ್ಮವರ ಮುಖ ನೋಡಿದೆ. ಅವರು ಉಗುರಿಗೆ ಮೆತ್ತಿದ್ದ ಬಣ್ಣ ಕೆರೆಯುತ್ತಿದ್ದರು. "ಅಪ್ಪ ಹೇಳ್ತಿದಾರಲ್ಲ" ಎಂದರು.

ಟ್ರಂಕಿನ ಮುಚ್ಚಳ ಧಡ್ಡನೆ ಹಾಕಿದೆ. ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಶೆಡ್ಡಿಗೆ ಹೋದೆ. ಅವರು ಆಗಲೇ ನೀರು ತುಂಬಿ ಕೂತಿದ್ದರು, ಪಕ್ಕದಲ್ಲಿ ನನ್ನ ನೋಟ್‌ಬುಕ್ಕು.

"ನೀನ್ಯಾಕೆ ಬಂದೆ ಇಲ್ಲಿ? ಅಮ್ಮ ಒಬ್ಳೇ ಇದಾಳೆ, ಒಳಗೆ ಹೋಗು."

ಕಲಿಸುವ ಮುಂಚೆ ಹಟ ಹಿಡಿದು ಕೂತಿದ್ದರೆ, ಬೇಲೂರಿನ ಆ ಬಣ್ಣಕ್ಕಾಗಿಯಾದರೂ ನನ್ನ ಮಾತು ನಡೆಯುತ್ತಿತ್ತು. ಇದು ಹೊಳೆದದ್ದು ಅಲ್ಲಿ ನಿಂತಾಗ. ಅಷ್ಟರಲ್ಲಿ ಅವರು ಮತ್ತೆ ಕೂಗಿದರು, "ಕಾಫಿ ಕಳ್ಸು."