ಫರ್ಸಿಯ ಮೇಲೆ ಬಿಟ್ಟ ಜಾಗ

ಶಹಾಬಾದಿನ ನಮ್ಮ ಸಾಲೆಯಲ್ಲಿ ಪಾಟಿಗೆ ಗತಿಯಿರಲಿಲ್ಲ, ಕಲ್ಲಿಗೆ ಬರವಿರಲಿಲ್ಲ. ನೆಲಕ್ಕೆ ಹಾಸಿದ ಫರ್ಸಿಕಲ್ಲೇ ಮಕ್ಕಳ ಪಾಟಿ. ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮನ ಆಳ್ವಿಕೆ ಹೋದ ಮೇಲೆ ಆ ಉರ್ದು ಸಾಲೆಗೆ ಕನ್ನಡ ಬಂತು. ಸೊಲ್ಲಾಪುರದ ಅತ್ತೆಯ ಮನೆಯಲ್ಲಿದ್ದು ನಾಲ್ಕಕ್ಷರ ಕಲಿತಿದ್ದ ಸೇಡಂನ ಹುಡುಗಿ ನಾನು ಕಲಿಸುವ ಅಕ್ಕೋರಾಗಿ ಬಂದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ.

ಅ ಆ ಇ ಈ ಒದರಿಸಿದರೆ ಮಕ್ಕಳು ಚೆಂದ ಒಪ್ಪಿಸಿ ಮರುದಿನ ಚೆಂದ ಮರೆಯುತ್ತಿದ್ದರು. ಅದಕ್ಕೇ ಪ್ರಾಸ ಹಿಡಿದೆ. ‘ಕಲ್ಲು’ ಎಂದು ಬರೆದು, ಕ ಅಳಿಸಿ ಹ ಇಟ್ಟರೆ ಹಲ್ಲು, ಹು ಇಟ್ಟರೆ ಹುಲ್ಲು. ಬಾಲ ಅದೇ, ತಲೆಯಷ್ಟೇ ಬೇರೆ. ಗಣಿ ಕೆಲಸದವರ ಮಕ್ಕಳು ಅವಕ್ಕೆ ‘ಒಂದೇ ಮನಿ ಮಂದಿ’ ಎಂದು ಹೆಸರಿಟ್ಟರು. ಒಂದು ಕಲ್ಲಿಗೆ ಒಂದು ಪದ. ಅಕ್ಷರ ತುಳಿಯಬಾರದು, ಆದ್ದರಿಂದ ಮನೆಗೆ ಹೋಗುವಾಗ ತಾವು ಬರೆದದ್ದನ್ನು ಒದ್ದೆ ಅರಿವೆಯಿಂದ ತಾವೇ ಒರೆಸಬೇಕು.

ಕೊನೆಯ ಸಾಲಿನಲ್ಲಿ ಬಿಳಿಗಡ್ಡದ ಒಬ್ಬ ವಿದ್ಯಾರ್ಥಿ. ಅದೇ ಸಾಲೆಯ ಹಳೆಯ ಉರ್ದು ಮಾಸ್ತರರು. ಕನ್ನಡ ನಮ್ಮೆಲ್ಲರಂತೆಯೇ ಮಾತಾಡುತ್ತಿದ್ದರು, ಬರೆಯಲು ಬರುತ್ತಿರಲಿಲ್ಲ. ತಪಾಸಣೆಯ ಸಾಹೇಬರು ಬರುವುದರೊಳಗೆ ಕಲಿಯದಿದ್ದರೆ ನೌಕರಿ ಹೋಗುತ್ತದೆಂದು ಹುಕುಂ ಬಂದಿತ್ತು. ಮನೆಯಲ್ಲಿ ಹೆಂಡತಿ, ಸೊಸೆ, ತೊಟ್ಟಿಲ ಕೂಸು. ವಾಡಿ ಸ್ಟೇಶನ್ನಿನಲ್ಲಿ ವ್ಯಾಗನ್ನಿಗೆ ಕಲ್ಲು ಏರಿಸುತ್ತಿದ್ದ ಮಗ ಆ್ಯಕ್ಷನ್ ನಡೆದ ವಾರ ಕೆಲಸಕ್ಕೆಂದು ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ.

ಮಾಸ್ತರರು ಬೇಗ ಕಲಿತರು. ಕಣ್ಣು, ಹಣ್ಣು, ಹುಣ್ಣು ಎಂದು ಸಾಲು ಬರೆದ ದಿನ ಮಾತ್ರ ನಡುವೆ ಒಂದು ಕಲ್ಲನ್ನು ಖಾಲಿ ಬಿಟ್ಟರು.

“ಮಣ್ಣು ಬಿಟ್ಟೀರಲ್ರಿ ಮಾಸ್ತರ್?” ಎಂದೆ.

“ಅದೊಂದು ಬಿಡ್ರಿ ಅಕ್ಕೋರ. ಮಗಗ ಮಣ್ಣು ಕೊಟ್ಟಿಲ್ಲ ನಾ. ಸೊಸಿ ಇನ್ನಾ ಬಳಿ ತೆಗದಿಲ್ಲ. ಕೊಟ್ಟ ದಿನ ಬರೀತೀನಿ.”

ಗೋರಿಗೆ ಇಳಿಸಿದವರ ಮೇಲೆ ಮೂರು ಬೊಗಸೆ ಮಣ್ಣು ಹಾಕುವುದು ಮುಸಲ್ಮಾನರಾದ ಅವರಲ್ಲಿ ಹೆತ್ತವರೂ ನೆಂಟರೂ ತೀರಿಸುವ ಕಡೆಯ ಋಣ. ಮರುದಿನವೂ, ಅದರ ಮರುದಿನವೂ ಆ ಕಲ್ಲು ಖಾಲಿಯೇ ಇತ್ತು.

ಸಾಹೇಬರು ಬಂದರು. ಮಾಸ್ತರರ ಕಣ್ಣು, ಹಣ್ಣಿನ ಸಾಲನ್ನು ಕೋಲಿನಿಂದ ಮುಟ್ಟುತ್ತ ಓದಿಸಿದರು. ಒಂದೂ ತಪ್ಪಲಿಲ್ಲ. ಖಾಲಿ ಕಲ್ಲಿನ ಮೇಲೆ ಕೋಲು ನಿಂತಿತು.

“ಇಲ್ಲಿ ಮಣ್ಣು ಅಂತ ಬರೀರಿ.”

“ಬ್ಯಾರೆ ಶಬ್ದ ಹೇಳ್ರಿ ಸಾಹೇಬ್ರ. ಎಂಥಾದ್ದು ಕೇಳಿದ್ರೂ ಬರೀತಾರ,” ಎಂದೆ.

“ಪರೀಕ್ಷೆ ನಿಮಗೋ ಅವರಿಗೋ?”

ನನಗೆ ಮೈಯೆಲ್ಲ ಉರಿಯಿತು. ಆ ಕೋಲನ್ನು ಕಸಿದು ಮುರಿಯಬೇಕೆನ್ನಿಸಿತು. ಮಾಸ್ತರರು ಬಳಪ ಹಿಡಿದು ಕಲ್ಲಿನ ಮೇಲೆ ಬಾಗಿದರು. ಆಮೇಲೆ ಬರೆದರು. ಮಗನ ಹೆಸರು. ನಾನು ಎಂದೂ ಹೇಳಿಕೊಟ್ಟಿರದ ಹೆಸರು, ಕನ್ನಡದಲ್ಲಿ, ಒಂದು ಒತ್ತೂ ತಪ್ಪದೆ.

“ಇದು ನಾನು ಹೇಳಿದ್ದಲ್ಲ,” ಎಂದು ಸಾಹೇಬರು ಎದ್ದರು. ನೌಕರಿ ಹೋಯಿತು. ಅಷ್ಟೇ.

ಸಾಲೆ ಬಿಡುವ ಹೊತ್ತು ಮಕ್ಕಳು ತಮ್ಮ ತಮ್ಮ ಪದ ಒರೆಸತೊಡಗಿದರು. ಮಾಸ್ತರರು ಅರಿವೆ ಮುಟ್ಟಲಿಲ್ಲ. ಅಂಗಳಕ್ಕೆ ಹೋಗಿ ಬೊಗಸೆಯಲ್ಲಿ ಮಣ್ಣು ತಂದು ಆ ಹೆಸರಿನ ಮೇಲೆ ಹಾಕಿದರು. ಮತ್ತೆ ಹೋದರು, ತಂದರು. ಮೂರನೆಯ ಸಲ ತಂದಾಗ ಬೆರಳ ಸಂದಿಯಿಂದ ಅರ್ಧ ದಾರಿಯಲ್ಲೇ ಸೋರಿಹೋಯಿತು.

“ಮಾಸ್ತರ್ ಮಣ್ಣಿಲೆ ಒರಸಾಕತ್ತಾರ,” ಎಂದು ಹುಡುಗಿಯೊಬ್ಬಳು ತಾನೂ ಒಂದು ಹಿಡಿ ತಂದು ಹಾಕಿದಳು. ಅವಳನ್ನು ನೋಡಿ ಎಲ್ಲ ಮಕ್ಕಳೂ ತಂದರು. ನಾನೂ ತಂದೆ. ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಹೆಸರು ಪೂರಾ ಮುಚ್ಚಿತು. ಆಗ ಮಾಸ್ತರರು ಬಳಪ ಕೇಳಿ ಪಡೆದು, ಗುಡ್ಡೆಯ ಪಕ್ಕದ ಕಲ್ಲಿನ ಮೇಲೆ ದುಂಡಗೆ, ಸಾವಕಾಶ ಬರೆದರು: ಮಣ್ಣು. ಸರಿ ಇದೆಯೇ ಎಂದು ನನ್ನ ಮುಖ ನೋಡಿದರು.

ಸಾಹೇಬರ ಜೀಪು ಅಷ್ಟೊತ್ತಿಗೆ ಚಿತ್ತಾಪುರದ ದಾರಿ ಹಿಡಿದಾಗಿತ್ತು.