ಚಿಕ್ಕವ್ವನ ಉರಿಯೂತ

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನ ಮುಂದೆ ತಾನೇ ನಿಂತು ಬೆಂಕಿ ನೋಡಿಕೊಳ್ಳುವ ಹೆಂಗಸೆಂದರೆ ನಮ್ಮ ಚಿಕ್ಕವ್ವ ಶಿವರುದ್ರಮ್ಮ. ಗೋಡೆಯಲ್ಲಿ ಥರ್ಮಾಮೀಟರಿದೆ, ಅವಳು ನೋಡುವುದಿಲ್ಲ. ಬಾಗಿಲ ಸಂದಿಗೆ ಕೆನ್ನೆಯೊಡ್ಡಿ, "ಜಾಸ್ತಿಯಾಯ್ತು, ಒಂದ್ ಸೌದೆ ಈಚೆಗೆಳೀರಿ" ಎನ್ನುತ್ತಾಳೆ. ಚಿಕ್ಕಪ್ಪ ತೀರಿಕೊಂಡ ಮೇಲೂ ಆ ಬ್ಯಾರನ್ನಿನಲ್ಲಿ ಎಲೆ ಕಪ್ಪಾದದ್ದಿಲ್ಲ.

ಇಂಥವಳು ಹೋದ ವರ್ಷ ಕೂತಲ್ಲೇ ತೂಕಡಿಸತೊಡಗಿದಳು. ಕತ್ತಿನ ಮುಂಭಾಗ ಊದಿಕೊಂಡಿತು. ಹುಣಸೂರಿನ ಡಾಕ್ಟರು ಮೀನಾ ರಕ್ತ ಪರೀಕ್ಷೆ ಮಾಡಿಸಿ, "ಥೈರಾಯ್ಡ್. ಮೈಯನ್ನ ಕಾಯೋ ಪಡೆನೇ ತಪ್ಪು ತಿಳ್ಕೊಂಡು ಆ ಗ್ರಂಥಿ ಮೇಲೆ ಬಿದ್ದಿದೆ. ದಿನಾ ಬೆಳಿಗ್ಗೆ ಬರಿಹೊಟ್ಟೇಲಿ ಒಂದು ಮಾತ್ರೆ ತಗೊಳ್ಳಿ" ಎಂದರು. ಎರಡು ತಿಂಗಳಲ್ಲಿ ತೂಕಡಿಕೆ ಹೋಯಿತು. ಆಮೇಲೆ ಬಂದ ಇನ್ನೊಂದು ರಿಪೋರ್ಟನ್ನು ಹಿಡಿದು ಚಿಕ್ಕವ್ವ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು.

"ಏನ್ಲಾ ಬರ್ದವ್ರೆ, ಮಲ್ಲೇಶ?"

ನನ್ನ ಇಂಗ್ಲಿಷು ನನ್ನ ಜೆರಾಕ್ಸ್ ಯಂತ್ರದಂತೆಯೇ. ಕಾಗದದಲ್ಲಿರುವುದನ್ನೆಲ್ಲ ನೋಡುತ್ತದೆ, ಏನೂ ತಿಳಿಯುವುದಿಲ್ಲ. ಒಪ್ಪಿಕೊಳ್ಳುವುದುಂಟೇ? ಕಾಗದದಲ್ಲಿದ್ದ ಸಿಆರ್‌ಪಿ ಎಂಬುದನ್ನು ಮೊಬೈಲಿನಲ್ಲಿ ಹುಡುಕಿ ಗಂಭೀರವಾಗಿ ಹೇಳಿದೆ: "ಉರಿಯೂತ ಅಂತೆ ಕಣವ್ವ. ಐದರೊಳಗಿರಬೇಕಿತ್ತು, ಮೂವತ್ತೆಂಟು ಅದೆ."

"ಊತ ಕಣ್ಗೇ ಕಾಣ್ತದೆ. ಉರಿ ಒಳಗದೆ ಅನ್ನು. ಅಂಗಾರೆ ಈ ಮಾತ್ರೆ ಸೌದೆ ಇದ್ದಂಗೆ. ಎಳ್ದು ಬುಡಣ."

"ಸರಿಯಾಗ್ ಹೇಳ್ದೆ" ಎಂದೆ. ವೈದ್ಯಶಾಸ್ತ್ರಕ್ಕೆ ನನ್ನ ಕೊಡುಗೆ ಅಷ್ಟೆ.

ಚಿಕ್ಕವ್ವ ಮಾತ್ರೆ ಬಿಟ್ಟು ಅಂಬಲಿ, ಮಜ್ಜಿಗೆ ಹಿಡಿದಳು. ತಿಂಗಳೊಳಗೆ ತೂಕಡಿಕೆ ಮರಳಿತು, ದನಿ ಒಡೆಯಿತು. ಒಂದು ದಿನ ನನ್ನ ಹೆಂಡತಿ ಪವಿತ್ರಾಳನ್ನು ಕರೆದು, "ಎಮ್ಮೆ ನೀನೇ ಮಡಿಕೊ ಕಣವ್ವ. ಕತ್ತಲ್ಲಿರೋದು ಕೆಟ್ಟ ಕಾಯಿಲೇನೆ. ನಾನಿನ್ನು ಬಾಳಾ ದಿನ ಇರಾಕಿಲ್ಲ" ಎಂದಳು.

ವಿಚಾರಿಸಿದ ಪವಿತ್ರಾಗೆ ಮಾತ್ರೆಯ ಕಥೆ ತಿಳಿಯಿತು. "ನೀವು ಜೆರಾಕ್ಸ್ ಮಾಡ್ರಿ, ಸಾಕು" ಎಂದು ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿದಳು.

"ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ?" ಡಾಕ್ಟರು ಕೇಳಿದರು. ಚಿಕ್ಕವ್ವ ಗದ್ದದಿಂದ ನನ್ನನ್ನು ತೋರಿಸಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕಿದೆ.

"ಉರಿಯೂತ ಅಂದ್ರೆ ಬೆಂಕಿ ಅಲ್ಲ. ಮೈಯೊಳಗೆ ಎಲ್ಲೋ ಜಗಳ ನಡೀತಿದೆ ಅನ್ನೋ ಗುರುತು. ಎಲ್ಲಿ ಅಂತ ಈ ನಂಬರು ಹೇಳಲ್ಲ. ನಿಮ್ಮ ಥೈರಾಯ್ಡ್ ಒಂದರಿಂದಲೇ ಇಷ್ಟು ಏರೋದು ಅನುಮಾನ. ಬೇರೆ ಕಡೆ ಹುಡುಕೋಣ."

ಕೆಮ್ಮು, ಕೀಲುನೋವು, ಉರಿಮೂತ್ರ ಎಲ್ಲ ಕೇಳಿಯಾಯಿತು. ಇಲ್ಲ, ಇಲ್ಲ, ಇಲ್ಲ. ಕೊನೆಗೆ ಟಾರ್ಚು ಹಿಡಿದು, "ಬಾಯಿ ತೆಗೀರಿ" ಎಂದರು. ಚಿಕ್ಕವ್ವ ತುಟಿ ಬಿಗಿದಳು. ನಾಲ್ಕನೆಯ ಸಲಕ್ಕೆ ತೆರೆದಳು. ಹಿಂದಿನ ದವಡೆಹಲ್ಲಿನ ಬುಡದಲ್ಲಿ ಕೀವು. ಅದರ ಮೇಲೆ ನೋವಿಗೆಂದು ಒತ್ತಿಟ್ಟ ಒಂದು ಚಿಟಿಕೆ ಹೊಗೆಸೊಪ್ಪು.

"ಎಷ್ಟು ದಿನದಿಂದ ಇದು?"

"ಸಂಕ್ರಾಂತಿಯಿಂದ."

"ಹೇಳೋದಲ್ವಾ ಅಮ್ಮ?"

"ನೀವು ಕತ್ತಿನ್ ಡಾಕ್ಟ್ರಲ್ವಾ? ನಿಮ್ತಾವ ಹಲ್ಲಿನ್ ಮಾತು ಯಾಕ್ ಎತ್ಲಿ?"

ಅಂದೇ ಕತ್ತಿನ ಸ್ಕ್ಯಾನೂ ಆಯಿತು. ಗ್ರಂಥಿ ಊದಿದೆ, ಗಂಟು ಇಲ್ಲ ಎಂದರು. ಚಿಕ್ಕವ್ವ, "ಕೆಟ್ಟ ಕಾಯಿಲೆ ಅಲ್ವಾ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಡಾಕ್ಟರು "ಅಲ್ಲ" ಎಂದರು. ಆಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣಿಗೂ ಏನೋ ಬಿತ್ತು.

ಹಲ್ಲು ಕಿತ್ತರು, ಮಾತ್ರೆ ಮತ್ತೆ ಶುರುವಾಯಿತು. ಎರಡು ತಿಂಗಳಿಗೆ ಹೊಸ ರಿಪೋರ್ಟು ಬಂತು.

"ನಾಲ್ಕು" ಎಂದೆ.

"ಅಂದ್ರೆ?"

"ಡಾಕ್ಟ್ರುನ್ನೇ ಕೇಳವ್ವ."

"ಈಗ ಬುದ್ಧಿ ಬಂತು ಕಣ್ಲಾ ನಿಂಗೆ" ಎಂದು ನಗುತ್ತ ಚಿಕ್ಕವ್ವ ನನ್ನ ಮೇಜಿನ ಮೇಲಿದ್ದ ಹುರಿಗಡಲೆಯ ಪೊಟ್ಟಣವನ್ನು ಎತ್ತಿಕೊಂಡು, ಎರಡೂ ದವಡೆಯಲ್ಲಿ ಕಟಕಟ ಅಗಿಯುತ್ತ ಹೊರಟಳು.