ಹುಬ್ಬಳ್ಳಿಗೆ ಕೇಳಿದ ಟಿಕೀಟು

ಎಪ್ಪತ್ತರ ದಶಕದ ಮಾತು, ಇವತ್ತಿಗೂ ಮೈ ಉರಿಯುತ್ತದೆ. ಹೊನವಾಡದ ತವರಿನಲ್ಲಿ ಬಾಣಂತಿಯಾಗಿದ್ದ ನಮ್ಮ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ನಿದ್ದೆ ಹೋಯಿತು, ಆಮೇಲೆ ಹೆತ್ತ ಕೂಸಿನ ಗುರುತೂ ಹೋಯಿತು. ಜ್ವರಕ್ಕೆ ತಿಕೋಟಾದಲ್ಲಿ ಸೂಜಿ ಚುಚ್ಚುವವರಿದ್ದರು, ಹಲ್ಲು ಕೀಳಲು ವಿಜಾಪುರದಲ್ಲಿ ಡಾಕ್ಟರಿದ್ದರು. ಇದಕ್ಕೆ ಮಾತ್ರ ಯಾರೂ ಸಿಗಲಿಲ್ಲ. "ಧಾರವಾಡಕ್ಕ ಒಯ್ರಿ" ಎಂದು ಎಲ್ಲರೂ ಕೈ ತೊಳೆದುಕೊಂಡರು. ನಮ್ಮ ಕಡೆಯವರಿಗೆ ಮನಸ್ಸೇ ಇಲ್ಲವೆಂದು ಸರಕಾರ ತಿಳಿದಿತ್ತೇನು?

ಧಾರವಾಡದವರು ಅಲ್ಲಿನ ಮನೋರೋಗದ ದವಾಖಾನೆಗೆ ನಡೆದು ಹೋಗಿ ಬರಬಹುದಿತ್ತು. ನಾವು ಇಡೀ ದಿನ ಬಸ್ಸಿನಲ್ಲಿ ಕೂಡಬೇಕು, ಅದೂ ಕದ್ದು. ನಮ್ಮಲ್ಲಿ ಧಾರವಾಡಕ್ಕೆ ಹೊರಟರೆಂದರೆ ಹುಚ್ಚರ ದವಾಖಾನೆಗೇ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುತ್ತಿರಲಿಲ್ಲ. ಬಸ್ಸಿನಲ್ಲಿ ಊರವರಿದ್ದರು. ಚಿಗವ್ವನ ಅಪ್ಪ, ನಮ್ಮ ಅಜ್ಜ, ಕಂಡಕ್ಟರನಿಗೆ "ಹುಬ್ಬಳ್ಳಿಗೆ ಕೊಡ್ರಿ" ಎಂದ. ಅಲ್ಲಿಳಿದು ಬೇರೆ ಬಸ್ಸು ಹಿಡಿಯುವ ಯೋಚನೆ.

ಕೂಸು ನನ್ನ ತೊಡೆಯ ಮೇಲಿತ್ತು. ಎಷ್ಟೋ ದಿನದಿಂದ ತುಟಿ ಬಿಚ್ಚದ ಚಿಗವ್ವ ಬಸ್ಸಿಗೆಲ್ಲ ಕೇಳುವಂತೆ ಕೂಗಿದಳು: "ಯಪ್ಪಾ, ನನಗ ಜಡ್ಡು ಬಂದೈತಿ, ನಾ ಏನ್ ಕಳವು ಮಾಡೇನೇನು? ಧಾರವಾಡಕ್ಕ ಅನ್ನು!"

ಅಜ್ಜ ಅಂಗೈಯಿಂದ ಅವಳ ಬಾಯಿ ಮುಚ್ಚಿ ಕಂಡಕ್ಟರನಿಗೆ ಹೇಳಿದ: "ಹುಬ್ಬಳ್ಳಿಗೇ ಕೊಡ್ರಿ. ಆಕಿ ಮಾತು ಕೇಳಬ್ಯಾಡ್ರಿ, ಆಕಿಗೆ ತಲಿ ಸರಿ ಇಲ್ಲ."